ಮುಚ್ಚದ ಬಿಸ್ಕತ್ತಿನ ಡಬ್ಬಿ

ನೆದರ್ಲೆಂಡ್ಸಿನ ಜುಟ್ಫೆನ್ ಊರಿನ ಬಸ್ ಸ್ಟಾಪಿನಲ್ಲಿ, ಬಸ್ಸಿಗೆ ಕಾಯುತ್ತಿದ್ದ ಮಾರ್ಲುಸಳ ಪಕ್ಕ ಇಬ್ಬರು ಒಂಟಿ ಹಿರಿಯರು ಕೂತಿದ್ದರು. ಎದುರುಬದುರು ಮನೆಗಳ ಅಜ್ಜ ಬಾರೆಂಡ್ ಮತ್ತು ಅಜ್ಜಿ ಆಲೀಡಾ. ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

"ನಿಮ್ಮ ಮನೆ ಎಷ್ಟು ಖೆಜೆಲಿಖ್, ಎಷ್ಟು ಬೆಚ್ಚಗೆ ಆಪ್ತವಾಗಿದೆ ಅಂತ ದಿನಾ ಹೇಳ್ತೀನಿ," ಅಂದರು ಬಾರೆಂಡ್.

"ದೀಪ ಹಿತವಾಗಿದ್ರೂ ಖೆಜೆಲಿಖ್, ಪರದೆ ಚೆನ್ನಾಗಿದ್ರೂ ಖೆಜೆಲಿಖ್. ಆ ಮಾತು ಸವೆದು ಹೋಗಿದೆ ಬಿಡಿ."

"ಮೊದಲು ಹಾಗಿರಲಿಲ್ಲ. ಒಂದೇ ಕೋಣೇಲಿ ಇರೋ ಜೊತೆಗಾರನಿಗೆ ಖೆಜೆಲ್ ಅಂತಿದ್ರು. ಅದರಿಂದ ಹುಟ್ಟಿದ್ದು."

"ಓಹೋ, ಕೋಣೆವರೆಗೂ ಬಂದ್ರಾ?"

"ಬಂದಿದ್ದು ಪದ, ನಾನಲ್ಲ."

"ಪದದ ಹಿಂದೆ ಬಚ್ಚಿಟ್ಟುಕೊಳ್ಳೋ ವಯಸ್ಸಾ ನಿಮ್ದು? ನೇರ ಕೇಳೋಕೇನು?"

"ಕಾಫಿ ಜೊತೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿಬಿಡ್ತೀರಿ. ಮುಚ್ಚಿದ ಮೇಲೆ ಎದ್ದು ಹೋಗಬೇಕಲ್ಲ. ಕೇಳೋಕೆ ಹೊತ್ತೆಲ್ಲಿ?"

ಬಸ್ಸು ಬಂತು. ಆಲೀಡಾ ಎದ್ದು ಬಾರೆಂಡ್ ಅವರ ಕೋಟಿನ ಗುಂಡಿ ಹಾಕಿದರು.

"ಸಂಜೆ ಬನ್ನಿ. ಡಬ್ಬಿ ಮುಚ್ಚಲ್ಲ," ಅಂದು ಮೊದಲು ಹತ್ತಿದರು.