ಪೈಪಿಲ್ಲದ ನಲ್ಲಿ

ನಗಬೇಡಿ. ದೀಪ ಸ್ವಲ್ಪ ಸಣ್ಣದು ಮಾಡಿ, ಹೇಳುತ್ತೇನೆ. ಇದು ನಮ್ಮ ಪಕ್ಕದ ಮನೆಯ ಪ್ಲಂಬರಿಗೆ ಆದದ್ದು. ಬೀದಿಯವರೆಲ್ಲ ಅವನನ್ನು ನಲ್ಲಿಯಣ್ಣ ಅಂತಲೇ ಕರೆಯುತ್ತಿದ್ದೆವು.

ಅವತ್ತು ರಾತ್ರಿ ಚೀಲ ಹೆಗಲಿಗೇರಿಸಿ ಬಾವಿಯ ಪಕ್ಕದ ಹಾದಿಯಲ್ಲಿ ಮನೆಗೆ ಬರುತ್ತಿದ್ದ. ಬಾವಿಯೊಳಗೆ... ಗುಳುಕ್. ಕಪ್ಪೆ ಇರಬೇಕು ಅಂದುಕೊಂಡ. ಬಾವಿಯಾಚೆ ಅರ್ಧಕ್ಕೆ ನಿಂತ ಅಪಾರ್ಟ್‌ಮೆಂಟು. ಅದನ್ನು ಕಂಡರೆ ಅವನ ಹೊಟ್ಟೆ ಉರಿಯುತ್ತಿತ್ತು.

ಕಟ್ಟಿಸಲು ಹೊರಟವನು ಅವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಆಸಾಮಿ. “ತಮ್ಮಾ, ನನ್ನ ಸಾಲಕ್ಕೆ ನಿನ್ನ ಮನೆ ಬರೀ ಜಾಮೀನು. ವರ್ಷದೊಳಗೆ ಬಿಡಿಸಿಕೊಡ್ತೀನಿ, ಮೇಲೊಂದು ಫ್ಲ್ಯಾಟೂ ನಿಂದೇ” ಎಂದಿದ್ದ. ನಲ್ಲಿಯಣ್ಣ ರುಜು ಹಾಕಿದ್ದ.

ಇಲ್ಲೇ ನೋಡಿ ತಮಾಷೆ. ಕೊಳ್ಳುವವರಿಗೆ ತೋರಿಸಲೆಂದು ಮೂರನೇ ಮಹಡಿಯಲ್ಲಿ ಒಂದೇ ಒಂದು ಮಾದರಿ ಮನೆ ಸಿಂಗರಿಸಿದ್ದರು. ಅದರ ನಲ್ಲಿಗಳನ್ನು ಕೂರಿಸಿದವನೂ ಇವನೇ. ಹಿಂದೆ ಪೈಪೇ ಇಲ್ಲ! ಗೋಡೆಗೆ ತೂತು ಹೊಡೆದು, ಸಿಮೆಂಟು ಮೆತ್ತಿ, ಫಳಫಳ ನಲ್ಲಿ ಸಿಕ್ಕಿಸಿದ್ದ. ಜನ ನೋಡಿ ಮರುಳಾಗಿ ಮುಂಗಡ ಕೊಟ್ಟು ಹೋದರು. ಇವನು ಒಳಗೊಳಗೇ ನಕ್ಕ. ಊರಿಗೆಲ್ಲ ಟೋಪಿ ಹಾಕಿದರೂ ಭಾವ ನನಗೆ ಹಾಕುತ್ತಾನೆಯೇ?

ಹಾಕಿದ. ಬಂದ ದುಡ್ಡನ್ನೆಲ್ಲ ಇನ್ನೊಂದು ಜಾಗದ ಮೇಲೆ ಸುರಿದ, ಅದೂ ಮುಳುಗಿತು, ದಿವಾಳಿ ಎದ್ದು ನಾಪತ್ತೆಯಾದ. ನಂಬಿಸಿ ಕತ್ತು ಕುಯ್ಯುವುದು ಅಂದರೆ ಇದೇ. ಆ ರಾತ್ರಿ ಕಳೆದರೆ ಬ್ಯಾಂಕಿನವರು ನಲ್ಲಿಯಣ್ಣನ ಮನೆಗೆ ಬೀಗ ಜಡಿಯುವವರಿದ್ದರು.

ಆಗ ಕೇಳಿಸಿತು. ಮೂರನೇ ಮಹಡಿಯಿಂದ... ಟಪ್. ಟಪ್. ಟಪ್.

ಬೇರೆಯವರಾಗಿದ್ದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ನಲ್ಲಿ ಸೋರುವ ಸದ್ದು ಕೇಳಿಯೂ ಸುಮ್ಮನೆ ಹೋಗಲು ಇವನಿಗೆ ಆಗಲಿಲ್ಲ. ಅದೂ ಪೈಪಿಲ್ಲದ ನಲ್ಲಿ!

ಮೆಟ್ಟಿಲಿಗೆ ಕಂಬಿಯಿಲ್ಲ. ಗೋಡೆ ಹಿಡಿದು ಹತ್ತಿದ. ಚಪ್ಪಲಿಯಡಿ ಮರಳು ಚರ್... ಚರ್... ಮಾದರಿ ಮನೆಯ ಬಾಗಿಲು ಕಿರ್ರ್ ಅಂತು. ಒಳಗೆ ಷಡ್ಡಕ! ಬೆನ್ನು ಹಾಕಿ ನಿಂತು, ಬೇಸಿನ್ನಿಗೆ ಬಗ್ಗಿ ಮುಖ ತೊಳೆಯುತ್ತಿದ್ದ. ನೀರು ಸೊರ್ರನೆ ಬರುತ್ತಿತ್ತು.

“ಭಾವಾ... ಎಲ್ಲಿ ಹೋಗಿದ್ರಿ? ನಾಳೆ ನನ್ನ ಮನೆ ಹೋಗತ್ತೆ.”

“ಶ್... ಮೆಲ್ಲಗೆ.” ತಿರುಗಲಿಲ್ಲ. “ಹೋಗಲ್ಲ. ಎಲ್ಲ ಸರಿ ಮಾಡಿದೀನಿ.”

“ನಿಜವಾಗ್ಲೂ?”

“ನಾನು ನಿಂಗೆ ಮೋಸ ಮಾಡ್ತೀನಾ, ತಮ್ಮಾ?”

ಅಷ್ಟೇ ಸಾಕಾಯಿತು, ನೋಡಿ. ನೀರು ಎಲ್ಲಿಂದ ಬಂತು ಅಂತ ಕೇಳುವುದನ್ನೂ ಮರೆತು ಮನೆಗೆ ಓಡಿದ. ಹೆಂಡತಿ ಪಾತ್ರೆಗಳನ್ನು ಗಂಟು ಕಟ್ಟುತ್ತಿದ್ದಳು. “ಬಿಚ್ಚೇ ಅದನ್ನ! ಭಾವ ಸಿಕ್ಕಿದ್ರು. ಮನೆ ಉಳೀತು.” ಆಕೆ ಒಂದೊಂದಾಗಿ ಎತ್ತಿ ಮತ್ತೆ ಶೆಲ್ಫಿನಲ್ಲಿಟ್ಟಳು. ಎಷ್ಟೋ ದಿನದ ಮೇಲೆ ಇಬ್ಬರೂ ನೆಮ್ಮದಿಯಾಗಿ ಮಲಗಿದರು.

ಬೆಳಿಗ್ಗೆ ಬ್ಯಾಂಕಿನವರು ಬಂದರು. ಪಾತ್ರೆಗಳು ಬೀದಿಗೆ ಬಿದ್ದವು, ಬಾಗಿಲಿಗೆ ಬೀಗ ಬಿತ್ತು. ಅದೇ ಹೊತ್ತಿಗೆ ಬಾವಿಯ ಹತ್ತಿರ ಜನ ಸೇರಿದ್ದರು. ಮೇಲೆತ್ತಿದ್ದು ಷಡ್ಡಕನ ಹೆಣ. ನೀರಿಗೆ ಬಿದ್ದು ಮೂರು ದಿನವಾದರೂ ಆಗಿದೆ ಎಂದರು ಪೊಲೀಸರು.

ಹೆಂಡತಿ, ಅವಳ ಅಕ್ಕ ಗೋಳೋ ಅಂತ ಅತ್ತರು. ನಲ್ಲಿಯಣ್ಣ ಅಳಲಿಲ್ಲ. ಹೆಣದ ಮುಖ ನೋಡುತ್ತ, “ಸತ್ತ ಮೇಲಾದ್ರೂ ನಿಜ ಹೇಳಬಹುದಿತ್ತಲ್ಲ, ಭಾವ” ಅಂದ. ಅವನ ಪಕ್ಕದಲ್ಲೇ ನಿಂತಿದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ.

ಆಮೇಲೆ ಮೇಲೆ ಹೋಗಿ ಆ ನಲ್ಲಿ ಬಿಚ್ಚಿ ತಂದ. ಹಿಂದಿನ ಗೋಡೆ ಒಣಕಲು, ತೂತಿನಲ್ಲಿ ಜೇಡ ಬಲೆ ಕಟ್ಟಿತ್ತಂತೆ. ಈಗ ಅದನ್ನು ತನ್ನ ಬಾಡಿಗೆ ಕೋಣೆಯ ಮೊಳೆಗೆ ತಗುಲಿಹಾಕಿದ್ದಾನೆ. ಕೆಳಗೊಂದು ಬಕೆಟ್ಟು. ಬೆಳಗಾಗುವಷ್ಟರಲ್ಲಿ ಅರ್ಧ ತುಂಬಿರುತ್ತದೆ.

ನಂಬಿ, ಬಿಡಿ. ಮೊನ್ನೆ ಆ ನೀರು ಚೆಲ್ಲಿ ಬಂದವನು ನಾನೇ.