ಹರಿಗೋಲಿನ ತುಂಡು

"ಹಲೋ... ಯಾರು ಮಾತಾಡೂದು?... ಬೆಂಗಳೂರಿಂದೇನ್ರಿ? ಹಾಂ, ಗಂಗಾವತಿನ. ಇಲಿಯಾಸ ಮನ್ಯಾಗಿಲ್ರಿ. ನಾ ಅವನ ಅಕ್ಕ, ಇಮಾಮಬಾನು."

...

"ಬಂಗಾರ ಕಳ್ಳಸಾಗಣಿ ಸಿನೆಮಾನಾ? ಹೌದ್ರಿ, ವಿರೂಪಾಪುರಗಡ್ಡಿ ಹೊಳಿಯಾಗ ತಗದಿದ್ರು. ಭಾಳ ಹಳೇದು... ಏನಂದ್ರಿ? ಹರಿಗೋಲಿನ ಸೀನಿನ ರೀಲ್ ತುಂಡು ನಿಮ್ಮ ಕಡೆ ಐತಾ?"

ಇಮಾಮಬಾನು ಗೋಡೆಗೆ ಕೈಯೂರಿದಳು. ಅದರಿಂದ ಫೋಟೊ ಮಾಡಿಸಿಕೊಂಡು ಬರುತ್ತೇನೆಂದು ತಮ್ಮ ಆ ರೀಲಿನ ತುಂಡನ್ನು ಒಯ್ದು ಎರಡು ತಿಂಗಳಾಗಿತ್ತು. ಕೇಳಿದಾಗಲೆಲ್ಲ ಸ್ಟುಡಿಯೊದವರು ಇನ್ನೂ ಕೊಟ್ಟಿಲ್ಲ ಎನ್ನುತ್ತಿದ್ದ.

"ಮಾರ್ಯಾನಾ?... ಇಲ್ರಿ, ನನಗ ಹೇಳಿಲ್ಲ. ಹಳೇ ಸಿನೆಮಾ ಸಾಮಾನು ಕೂಡಸೋರಾ ನೀವು. ಹಾಂ."

...

"ಯಾಕ ಕತ್ತರಿಸಿದ್ರಂದ್ರ, ನಮ್ಮ ಅಬ್ಬಾ ಟೆಂಟ್ ಟಾಕೀಸಿನ್ಯಾಗ ಆಪರೇಟರ ಇದ್ರು. ಕನಕಗಿರಿ ಸಂತಿ ದಿನ ಇದನ್ನ ಹಾಕಿದಾಗ, ಮಡಿಲಾಗ ಬಂಗಾರ ಮುಚ್ಚಿಟಗೊಂಡು ಹರಿಗೋಲಿನ್ಯಾಗ ಕುಂತ ಹೆಂಗಸಿಗೆ ಜನ ಸೀಟಿ ಹೊಡದ್ರು. ಅಬ್ಬಾ ಅಷ್ಟ ಜಾಗ ಬ್ಲೇಡಿಲೆ ಕೊಯ್ದು, ಎರಡೂ ತುದಿ ಅಂಟಿಸಿಬಿಟ್ರು."

...

"ಹೀರೋಯಿನ್ ಅಲ್ರಿ ಆಕಿ. ನಮ್ಮ ಅಮ್ಮಿ. ದಂಡಿಮ್ಯಾಲೆ ನಿಂತಾಕಿನ್ನ ಶೂಟಿಂಗಿನವರು ಕರದು ಕುಂದರಿಸಿದ್ರಂತ. ಇಲಿಯಾಸನ್ನ ಹಡದ ವಾರದಾಗ ತೀರಕೊಂಡಳು. ಬ್ಯಾರೆ ಫೋಟೊ ಒಂದೂ ಇಲ್ರಿ. ಬಿಸಿಲಿಗೆ ಹಿಡದು ಅದನ್ನ ನೋಡತಿದ್ದೆ. ವಾಪಸ್ ಕಳಸ್ರಿ."

...

"ಅಂದ್ರ?... ಒಂದೊಂದ ಚಿತ್ರ ಬಿಡಿ ಬಿಡಿ ಕತ್ತರಿಸೀರಾ? ಕಟ್ಟು ಹಾಕಿಸಿ ಮಾರೀರಾ? ಯಾರು ತಗೋತಾರ್ರಿ ಅದನ್ನ?... ಹಾಂ. ಈಗ ಎಲ್ಲೂ ಸಿಗದ ಸೀನು, ಅದಕ್ಕ."

...

"ಎಷ್ಟು ಉಳದಾವ್ರಿ?... ಒಂಬತ್ತು. ಮುಖ ಕಾಣತೈತಾ ಅದರಾಗ? ಒಂದ ಸಾಕ್ರಿ. ಒಂದ ಕಳಸ್ರಿ."

ಆ ಕಡೆಯವನು ಸಾವಕಾಶವಾಗಿ, ಮರ್ಯಾದೆಯಿಂದಲೇ ಮಾತಾಡುತ್ತಿದ್ದ. ಆಕೆಗೆ ಅದೇ ಹೆದರಿಕೆ ತಂದಿತು.

"ಅಮ್ಮಿ ಹೆಸರಾ? ಚಿತ್ರದ ಕೆಳಗ ಅಚ್ಚು ಹಾಕಸಾಕಾ?... ಹೆಸರಿದ್ರ ಬೆಲಿ ಏರತೈತಿ, ಅಲ್ಲೇನ್ರಿ? ಮೊದಲ ನೀವು ಕಳಸ್ರಿ, ಆಮ್ಯಾಲೆ ಹೇಳತೀನಿ... ಮೊದಲ ಹೆಸರ ಬೇಕಾ... ಖರೇನ ಕಳಸ್ತೀರಾ?"

ಒಳಗೆ ಅಬ್ಬಾ ನಮಾಜಿಗೆ ಕುಳಿತಿದ್ದರು. ನಾಲ್ಕು ಮಂದಿಯ ಕಣ್ಣಿಗೆ ಬೀಳಬಾರದೆಂದು ರೀಲನ್ನೇ ಕೊಯ್ದವರು. ಆಕೆ ಬಾಗಿಲು ಮುಂದಕ್ಕೆಳೆದು ದನಿ ತಗ್ಗಿಸಿದಳು.

"ಬರಕೋರ್ರಿ. ಶಾಹಜಾದಬಿ... ಹಾಂ, ಆಪರೇಟರ ಶಾಮೀದಸಾಬರ ಹೆಂಡ್ತಿ... ಆತಾ? ಈಗ ನಮ್ಮ ಅಡ್ರೆಸ್ ಬರಕೋರ್ರಿ. ಇಮಾಮಬಾನು, ಹಿರೇಜಂತಕಲ್, ಗಂಗಾವತಿ... ಹಲೋ?... ಪಿನ್‌ಕೋಡ್ ಹೇಳ್ಲೇನ್ರಿ?... ಹಲೋ..."