ಎತ್ತು ಸುಮ್ಮನಾದ ರಾತ್ರಿ

ಕ್ಷಮಿಸಿ, ನನಗೆ ದೆವ್ವದ ಕತೆ ಹೇಳಿ ಅಭ್ಯಾಸವಿಲ್ಲ. ನಡುನಡುವೆ ವಿವರಿಸುತ್ತಾ ನಿಂತುಬಿಡುತ್ತೇನೆ, ಆಗ ಹೆದರಿಕೆಯೇ ಇಳಿದುಹೋಗುತ್ತದೆ. ಆದರೆ ಇದು ಕಟ್ಟಿದ ಕತೆಯಲ್ಲ. ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು.

ಅವನು ದನದ ಡಾಕ್ಟರಿಕೆ ಓದುತ್ತಿದ್ದ. ಉಳಿದದ್ದೆಲ್ಲ ಪಾಸು, ಮೂತ್ರದ ಅಂಗಗಳ ರೋಗಗಳ ಪರೀಕ್ಷೆಯೊಂದೇ ಗಂಟಲಲ್ಲಿ ಸಿಕ್ಕ ಮುಳ್ಳು. ಮೊದಲ ಸಲ ಕುದುರೆಯ ಮೂತ್ರಪಿಂಡ ಸೀಳಿ ತೋರಿಸಿದಾಗ ಒಳಗಿನ ಲೋಳೆಯನ್ನು ಕೀವು ಅಂದ. ಕುದುರೆಗೆ ಅಲ್ಲಿ ಲೋಳೆ ಇರುವುದು ಸಹಜವಂತೆ. ಫೇಲು. ಎರಡನೇ ಸಲ ಹಸುವಿನದ್ದು ತೋರಿಸಿದರು. ಈ ಸಲ ಮೋಸ ಹೋಗಬಾರದೆಂದು “ಲೋಳೆ, ಸಹಜ” ಅಂದ. ಅದು ಕೀವೇ ಆಗಿತ್ತು! ಮತ್ತೆ ಫೇಲು. ಮೂರನೆಯದೇ ಕೊನೆ. ತಪ್ಪಿದರೆ ಕಾಲೇಜಿನಿಂದಲೇ ಹೊರಗೆ.

ಪರೀಕ್ಷೆಯ ಹಿಂದಿನ ರಾತ್ರಿ ಲೈಬ್ರರಿಯಿಂದ ಎಡಗೈಯಲ್ಲಿ ಪುಸ್ತಕ ಹಿಡಿದು ನಡೆದು ಬರುತ್ತಿದ್ದ. ತನ್ನನ್ನೂ ಮೇಷ್ಟ್ರನ್ನೂ ಇಡೀ ಕುದುರೆ ಕುಲವನ್ನೂ ಬೈದುಕೊಳ್ಳುತ್ತಾ. ದಾರಿಯಲ್ಲೊಂದು ಬಾವಿ... ಅದರ ಪಕ್ಕ ಸದ್ದು. ಕಟ... ಕಟ... ದನ ನೋವಿಗೆ ಹಲ್ಲು ಕಡಿಯುವ ಸದ್ದು. ಆಮೇಲೆ ಉಸಿರು ಕಟ್ಟಿ ತಿಣುಕುವುದು... “ಹ್ಮ್‌ಮ್...” ಆಮೇಲೆ ಒಂದೇ ಒಂದು ಹನಿ. ಟಪ್.

ಎತ್ತಿನ ಹಗ್ಗ ಹಿಡಿದು ಒಬ್ಬ ನಿಂತಿದ್ದ. ಮುಖ ಕಾಣಲಿಲ್ಲ.

“ಡಾಕ್ಟ್ರೇ,” ಪಿಸುಗುಟ್ಟಿದ, “ಉಚ್ಚೆ ಕಟ್ಟಿದೆ. ಸ್ವಲ್ಪ ಹಿಡ್ಕೊಳ್ಳಿ.”

“ನಾನಿನ್ನೂ ಡಾಕ್ಟ್ರಲ್ಲ ಕಣಪ್ಪ. ಆಗ್ತೀನೋ ಇಲ್ವೋ ದೇವರಿಗೇ ಗೊತ್ತು.”

ಅಷ್ಟರಲ್ಲಿ ಹಗ್ಗ ಇವನ ಬಲಗೈಯಲ್ಲಿತ್ತು.

ಎತ್ತಿನ ಮೂತ್ರನಾಳ ಸಣ್ಣದು, ಅಂಕುಡೊಂಕು. ಕಲ್ಲು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಎತ್ತು ಹೊಟ್ಟೆಗೆ ಒದ್ದುಕೊಂಡಿತು, ಹಗ್ಗ ಸರಕ್ಕನೆ ಜಗ್ಗಿತು... ಇದ್ದಕ್ಕಿದ್ದಂತೆ ಸುಮ್ಮನಾಯಿತು. ಹಲ್ಲು ಕಡಿಯುವುದು ನಿಂತಿತು. ಎತ್ತಿದ್ದ ಬಾಲ ಇಳಿಯಿತು.

“ಅಬ್ಬ! ಕಲ್ಲು ಜಾರ್ತು. ಆರಾಮಾಯ್ತು ನೋಡಿ.”

“ಹೌದಾ ಡಾಕ್ಟ್ರೇ... ಹಾಗಾದ್ರೆ ಸದ್ದೆಲ್ಲಿ?”

ಇವನು ಕಿವಿಗೊಟ್ಟ. ಕಲ್ಲು ಜಾರಿದ್ದರೆ ಕಟ್ಟಿದ್ದ ಉಚ್ಚೆಯೆಲ್ಲ ಧೋ ಎಂದು ಸುರಿಯಬೇಕು, ಅಲ್ಲವೇ? ಸುರಿಯಲಿಲ್ಲ. ಕಾಲಿನಿಂದ ತಡವಿದ. ನೆಲ ಒಣಗಿತ್ತು. ಅಂದರೆ ಒಳಗೆ ಮೂತ್ರಕೋಶವೇ ಒಡೆದಿತ್ತು. ಒಡೆದ ಕೂಡಲೇ ನೋವು ತಗ್ಗುತ್ತದೆ. ಆಮೇಲೆ ಎತ್ತು ನಿಧಾನವಾಗಿ ಸಾಯುತ್ತದೆ. ಅದು ಹೊಳೆದು ಬಾಯಿ ತೆರೆದರೆ... ಹಗ್ಗವಿಲ್ಲ. ಎತ್ತಿಲ್ಲ. ಯಾರೂ ಇಲ್ಲ.

ಬೆಳಿಗ್ಗೆ ಪರೀಕ್ಷಕರು ಕೇಳಿದರು: “ಮೂತ್ರ ಕಟ್ಟಿದ ಎತ್ತು ಒದ್ದಾಟ ನಿಲ್ಲಿಸ್ತು. ಏನಂತೀಯ?”

“ಮೂತ್ರಕೋಶ ಒಡೆದಿರಬಹುದು ಸರ್. ಆರಾಮಾದ ಹಾಗೆ ಕಾಣುತ್ತೆ, ಅಷ್ಟೆ.”

“ಅಂತೂ ಓದಿದ್ದೀಯ! ಯಾವ ಪುಸ್ತಕ?”



ಪಾಸಾದ. ಆದರೂ ಇವತ್ತಿಗೂ ಸಿಡಿಮಿಡಿ. “ಒಂದು ಕ್ಷಣ ಮೊದಲೇ ಹೊಳೀಬಾರದಿತ್ತಾ? ಗುಣ ಆಯ್ತು ಅಂತ ಅವನಿಗೆ ಸುಳ್ಳು ಹೇಳಿಬಿಟ್ಟೆನಲ್ಲ!” ದೆವ್ವಕ್ಕೆ ತಾನೇ ಹೇಳಿದ್ದು ಕಣೋ ಅಂದರೆ ಇನ್ನೂ ರೇಗುತ್ತಾನೆ. “ದೆವ್ವ ಆದ್ರೇನು, ನಂಬಿ ಹಗ್ಗ ಕೊಟ್ಟಿದ್ದ!”

ನಂಬದಿದ್ದರೆ ಬಿಡಿ. ಅವನ ಅಂಗೈಯಲ್ಲಿ ಹಗ್ಗ ಉಜ್ಜಿದ ಗೀರಿದೆ, ನಾನೇ ಕಣ್ಣಾರೆ ನೋಡಿದ್ದೇನೆ. ಹಗ್ಗ ಹಿಡಿದದ್ದು ಬಲಗೈಯಲ್ಲಿ. ಗೀರಿರುವುದು ಎಡಗೈಯಲ್ಲಿ. ಎಡಗೈಯಲ್ಲಿ ಪುಸ್ತಕವಿತ್ತಲ್ಲ, ಅದು ಹೇಗೆಂದರೆ... ಬಂದೆ ಅಮ್ಮಾ!... ಹೇಗೆಂದರೆ, ಮೊದಲು ಅವನು... ಬಂದೆ ಅಂದೆನಲ್ಲ!